ಗಂಜಿ ಕುಂಚದ ಅಕ್ಷರ

ಬನಹಟ್ಟಿಯ ನೇಕಾರರ ಮಗಳು ಶೇವಂತಿ ಜಮಖಂಡಿಯ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಚಿಕ್ಕಂದಿನಲ್ಲಿ ಅವ್ವ ದಾನಮ್ಮನ ಜೊತೆ ಮಗ್ಗದ ನೂಲಿಗೆ ಗಂಜಿ ಹಚ್ಚಿ ಬೆಳೆದವಳು. ಆ ಕೆಲಸದಲ್ಲಿ ಕುಂಚವನ್ನು ಒಂದೇ ಉಸಿರಿಗೆ ಎಳೆಯಬೇಕು. ನಡುವೆ ನಿಲ್ಲಿಸಿದರೆ ಗಂಜಿ ಗಂಟು ಕಟ್ಟುತ್ತದೆ, ಅವ್ವನ ಕೈ ಬೆನ್ನಿಗೆ ಬೀಳುತ್ತದೆ.

ಅಂಥದ್ದೇ ಹಳೆಯ ಕುಂಚವೊಂದರ ತುದಿ ಕತ್ತರಿಸಿ, ಕಪ್ಪು ಬಣ್ಣದಲ್ಲಿ ಅದ್ದಿ, ಶೇವಂತಿ ಅಕ್ಷರಮಾಲೆ ಬರೆದಳು. ಒತ್ತು, ಕೊಂಬು ಯಾವುದನ್ನೂ ಬಿಡದೆ ಎರಡು ವರ್ಷ ಕೂತು ಕಂಪ್ಯೂಟರಿಗೆ ಏರಿಸಿ ಫಾಂಟ್ ಮಾಡಿದಳು. ಹೆಸರು 'ಗಂಜಿ'. ಅಕ್ಷರ ಶುರುವಾಗುವಲ್ಲಿ ಹೆಬ್ಬೆರಳಿನಷ್ಟು ದಪ್ಪ, ಹೊರಳುವಲ್ಲಿ ತುಸು ಓರೆ, ಮುಗಿಯುವಲ್ಲಿ ಬಿಡಿಬಿಡಿಯಾಗಿ ಒಣಗಿದ ಗೆರೆ.

ಖುಷಿಗೆ ತಲೆ ತಿರುಗಿತು ನೋಡಿ. ಮೊದಲು ಬಂದ ಮದುವೆ ಪತ್ರಿಕೆಯನ್ನು ಮೇಲಿನಿಂದ ಕೆಳಗಿನತನಕ ಅದರಲ್ಲೇ ಹಾಕಿಬಿಟ್ಟಳು. ಬಂಧುಗಳ ಹೆಸರು, ಮುಹೂರ್ತ ಎಲ್ಲ ಸಣ್ಣಗಾಗಿ ಒಂದಕ್ಕೊಂದು ಮೆತ್ತಿಕೊಂಡವು. ನಾನು ಮುಧೋಳದ ನಿವೃತ್ತ ಮಾಸ್ತರ. ಆ ಪತ್ರಿಕೆ ನನಗೂ ಬಂದಿತ್ತು. ಕನ್ನಡಕ ಒರೆಸಿ ಒರೆಸಿ ಓದಿದರೂ ಮುಹೂರ್ತದ ವೇಳೆ ತಪ್ಪು ತಿಳಿದು ಲೋಕಾಪುರಕ್ಕೆ ಹೋದರೆ ಅಕ್ಷತೆ ಬಿದ್ದು ಎರಡು ತಾಸಾಗಿತ್ತು! ಸಿಟ್ಟಿಗೆದ್ದು ಮರುದಿನ ಸೀದಾ ಅಂಗಡಿಗೇ ಹೋಗಿ ಬೈದೆ. ಈಗ ನಾಚಿಕೆಯಾಗುತ್ತದೆ, ಆದರೆ ಬೈದದ್ದು ಖರೆ.

ಮಾಲೀಕ ಪ್ರೇಮಕುಮಾರ ನನ್ನೆದುರೇ ಹೇಳಿದ: "ಶೇವಂತಿ, ಆ ಫಾಂಟ್ ಅಳಿಸಿ ಹಾಕು. ಇನ್ನ ನಮ್ಮ ಅಂಗಡ್ಯಾಗ ಅದು ಕಾಣಬಾರ್ದು."

"ತಪ್ಪು ಫಾಂಟಿಂದಲ್ಲರಿ, ನಂದು," ಎಂದಳು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿ. "ಅದಕ್ಕ ಜಾಗಾ ಬೇಕ್ರಿ. ಒಂದ ಶಬ್ದ, ದೊಡ್ಡದಾಗಿ. ಒಂದ ಬೋರ್ಡ್ ಮಾಡಾಕ ಬಿಡ್ರಿ. ಯಾರೂ ಓದಲಿಲ್ಲಂದ್ರ ನಾನೇ ಅಳಸ್ತೇನಿ."

ಅವಳ ಓಣಿಯ ನೇಕಾರರು ಜಮಖಂಡಿಯಲ್ಲಿ ಕೆಲವು ದಿನದ ಮಟ್ಟಿಗೆ ಸೀರೆ ಮಳಿಗೆ ಹಾಕುವವರಿದ್ದರು. ಅವರ ಬೋರ್ಡಿಗೆ ಶೇವಂತಿ ಹಾಕಿದ್ದು ಒಂದೇ ಶಬ್ದ: ಕೈಮಗ್ಗ. ಆಳೆತ್ತರದ ಮೂರು ಅಕ್ಷರ, ಬಿಳಿ ಮೇಲೆ ಕೆಂಪು, ಸುತ್ತ ಬೇಕಾದಷ್ಟು ಖಾಲಿ ಜಾಗ. ದಿನ, ವೇಳೆ, ವಿಳಾಸ ಎಲ್ಲ ಕೆಳಗೆ ಸಾದಾ ಅಕ್ಷರದಲ್ಲಿ.

ಸೋತಿರುತ್ತಾಳೆ ಎಂದುಕೊಂಡೇ ಮಳಿಗೆಯ ಮೊದಲ ದಿನ ನೋಡಲು ಹೊರಟೆ. ಬಸ್ಸಿನ ಕಿಟಕಿಯಿಂದ, ರಸ್ತೆಯ ಆ ಬದಿಯ ಬೋರ್ಡನ್ನು ಕನ್ನಡಕವಿಲ್ಲದೆ ಓದಿದೆ! ಮುಂದಿನ ಸೀಟಿನ ಹೆಣ್ಣುಮಕ್ಕಳೂ ಓದಿ, ಇಳಿದು ಅತ್ತಲೇ ನಡೆದರು. ಮಧ್ಯಾಹ್ನದೊಳಗೆ ಮಳಿಗೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪ್ರೇಮಕುಮಾರ ಗದ್ದಲದಲ್ಲಿ ತೂರಿ ಬಂದು, "ಅಳಸಬ್ಯಾಡವಾ. ನಮ್ಮ ಅಂಗಡಿ ಬೋರ್ಡೂ ಅದರಾಗ ಮಾಡು," ಎಂದ. ಶೇವಂತಿ ನಗುತ್ತಲೇ ಅತ್ತುಬಿಟ್ಟಳು.

ಅಷ್ಟರಲ್ಲಿ ದಾನಮ್ಮ ಬಂದಳು. ಆಕೆಗೆ ಓದು ಬರುವುದಿಲ್ಲ. ಮಗಳು ಕಂಪ್ಯೂಟರಿನಲ್ಲಿ ಏನು ಮಾಡುತ್ತಾಳೆಂಬುದೂ ಗೊತ್ತಿಲ್ಲ. ಬೋರ್ಡಿನ ಮುಂದೆ ನಿಂತು ಕಡೆಯ ಅಕ್ಷರದ ಒಣಗಿದ ಬಾಲವನ್ನು ಗಾಳಿಯಲ್ಲೇ ಬೆರಳಿನಿಂದ ಎಳೆದು ನೋಡಿದಳು.

"ನಡುವ ಎಲ್ಲೂ ನಿಂತಿಲ್ಲ," ಎಂದಳು. "ಶೇವಂತಿ, ಇದು ನನ್ನ ಗಂಜಿ ಕೈ ಅಲ್ಲೇನ?"