ಕಟ್ಟೆಯ ಮೇಲಿನ ಹತ್ತನೆಯ ಜಾಗ

ಮೇಷ್ಟ್ರ ಕೆಲಸದಿಂದ ನಿವೃತ್ತನಾದರೂ ಬೇರೆಯವರ ಮೇಲೆ ರೇಗುವ ಕೆಲಸದಿಂದ ನಾನಿನ್ನೂ ನಿವೃತ್ತನಾಗಿಲ್ಲ. ಈ ಚಟ ಒಮ್ಮೆ ಒಬ್ಬಳ ನೌಕರಿಗೇ ಕುತ್ತು ತರುವುದರಲ್ಲಿತ್ತು. ನಿಮ್ಮ ಹತ್ತಿರವಲ್ಲದೆ ಇನ್ಯಾರ ಹತ್ತಿರ ಹೇಳಿಕೊಳ್ಳಲಿ?

ಭದ್ರಾವತಿಯಲ್ಲಿ ನಮ್ಮ ಬೀದಿ ಹೋಗಿ ಮುಟ್ಟುವುದು ವಿಶ್ವವಿದ್ಯಾಲಯದ ಕಾಂಪೌಂಡಿಗೆ. ಒಳಗಿನ ಮಕ್ಕಳಿಗೆ ವೈಫೈ ಬಂದಾಗ, ಹೊರಗಿನ ನಮಗೂ ಕೊಡಿ ಎಂದು ಅರ್ಜಿ ಬರೆದವನು ನಾನೇ. ಹಿಂದಿನವರು ದಾರಿಹೋಕರಿಗೆಂದು ಅರವಟ್ಟಿಗೆ ಇಟ್ಟು ನೀರು ಮಜ್ಜಿಗೆ ಕೊಡುತ್ತಿದ್ದರು, ವಿದ್ಯೆಯ ಮನೆ ಬಾಯಾರಿದವರನ್ನು ನೀನ್ಯಾರು ಎಂದು ಕೇಳಬಾರದು, ಹೀಗೆ ಎರಡು ಪುಟ. ಓದಿ ಸುಸ್ತಾಗಿಯೋ ಏನೋ, ಕೊಟ್ಟರು. ಷರತ್ತು ಒಂದೇ: ಹೊರಗಿನವರ ಫೋನು ಒಂದು ಸಲಕ್ಕೆ ಹತ್ತು ಮಾತ್ರ. ಸಿಗ್ನಲ್ ಸಿಗುವುದು ಗೇಟಿನ ಪಕ್ಕದ ಕಟ್ಟೆಯ ಮೇಲೆ. ನಮ್ಮವರು ರೇಷನ್ ಅಂಗಡಿಯ ಪದ್ಧತಿಯನ್ನೇ ಅಲ್ಲಿಗೂ ತಂದರು. ಚಪ್ಪಲಿ ಸಾಲಿಗಿಟ್ಟು, ಸರದಿ ಬಂದಾಗ ಹತ್ತಿ ಕೂರುವುದು. ಚಪ್ಪಲಿ ಸಾಲು ವೈಫೈಗೆ ಕಾಣುವುದಿಲ್ಲವೆಂದು ಯಾರಿಗೂ ಹೊಳೆಯಲಿಲ್ಲ. ಅರ್ಜಿ ಬರೆದ ಪಂಡಿತನಿಗೂ ಹೊಳೆಯಲಿಲ್ಲ.

ಆ ದಿನ ಬೆಳಿಗ್ಗೆಯಿಂದ ಊರಿನಲ್ಲಿ ಮೊಬೈಲ್ ನೆಟ್ ಸತ್ತುಹೋಗಿತ್ತು. ಐದು ಗಂಟೆಯಾಗಿರಬೇಕು, ನಮ್ಮ ಬೀದಿಯಲ್ಲಿ ಬ್ಲೌಸ್ ಹೊಲಿಯುವ ಗಿರಿಜಾ ಏದುಸಿರು ಬಿಡುತ್ತಾ ಬಂದಳು.

"ಮೇಷ್ಟ್ರೇ, ಅಂಗನವಾಡಿ ಸಹಾಯಕಿ ಕೆಲ್ಸದ ಅರ್ಜಿ. ಐದೂವರೆಗೆ ಮುಗಿಯುತ್ತೆ. ತಾಲ್ಲೂಕಾಫೀಸಲ್ಲಿ ಸರ್ಟಿಫಿಕೇಟ್ ಈಗ ಕೊಟ್ರು. ಅದೊಂದು ಹಾಕಿದ್ರೆ ಆಯ್ತು. ಇನ್ನೊಂದ್ಸಲ ಕರೆಯೋ ಹೊತ್ತಿಗೆ ನಂಗೆ ವಯಸ್ಸು ಮೀರಿರುತ್ತೆ."

ಇಬ್ಬರೂ ಕಟ್ಟೆಗೆ ಓಡಿದೆವು. ಅವಳ ಚಪ್ಪಲಿಯನ್ನು ಎಲ್ಲರೂ ಸಾಲಿನ ಮುಂದಕ್ಕೆ ಬಿಟ್ಟರು. ಆದರೆ ಕೂತ ಹತ್ತು ಜನರೂ ಏಳುವ ಹಾಗಿರಲಿಲ್ಲ. ಒಬ್ಬನಿಗೆ ಪರೀಕ್ಷೆ ನಡೆಯುತ್ತಿತ್ತು, ಇನ್ನೊಬ್ಬಳಿಗೆ ಇಂಟರ್‌ವ್ಯೂ. ಗಿರಿಜಾಳ ಫೋನು 'ಜಾಗವಿಲ್ಲ' ಎನ್ನುತ್ತಲೇ ಇತ್ತು. ಐದೂ ಹದಿನೈದು. ನನ್ನ ರಕ್ತ ಕುದಿಯಿತು. ಸಾರ್ವಜನಿಕ ಸೌಲಭ್ಯ, ನಾಗರಿಕ ಪ್ರಜ್ಞೆ ಎಂದೆಲ್ಲ ಭಾಷಣ ಬಿಗಿದೆ. ಕಡೆಗೆ ಕಣ್ಣು ಬಿದ್ದದ್ದು ಮೂಲೆಯಲ್ಲಿ ವಿಡಿಯೋ ಕಾಲ್ ಮಾಡುತ್ತಿದ್ದ ಇಡ್ಲಿ ಅಂಗಡಿಯ ಸೆಲ್ವಿಯಮ್ಮನ ಮೇಲೆ.

"ಕೊಂಚ ಇರಿ ಸಾರ್, ಸೇಲಂನಿಂದ ಮೊಮ್ಮಗಳು. ಈಗ ತಾನೇ ಫೋನ್ ಹತ್ರ ಬಂತು."

"ಮೊಮ್ಮಗಳು ನಾಳೆಯೂ ಇರ್ತಾಳಮ್ಮ!" ಎಂದು ಗದರಿದೆ. ಆಕೆ ಪರದೆಯತ್ತ ಕೈ ಬೀಸಿ ಫೋನು ಆರಿಸಿದಳು.

"ಈಗ ನೋಡೇ ಗಿರಿಜಾ."

ಒತ್ತಿದಳು. ಜಾಗವಿಲ್ಲ. ಮತ್ತೆ ಒತ್ತಿದಳು. ಜಾಗವಿಲ್ಲ. "ಯಾರ್ರೀ ಅದು ನಡುವೆ ನುಗ್ಗಿದ್ದು? ನಾಚಿಕೆ ಆಗಲ್ವಾ?" ಎಂದು ನಾನು ಕೂಗಿದೆ.

ಅಷ್ಟರಲ್ಲಿ ನನ್ನ ಅಂಗಿಯ ಜೇಬು ಟಿಂಗ್ ಎಂದಿತು. ಟಿಂಗ್, ಟಿಂಗ್, ಟಿಂಗ್. ಬೆಳಿಗ್ಗೆಯಿಂದ ತಡೆದು ನಿಂತಿದ್ದ ಬಂಧುಬಳಗದ ಶುಭೋದಯಗಳೆಲ್ಲ ಗುಲಾಬಿ ಹೂವಿನ ಸಮೇತ ಒಟ್ಟಿಗೆ ಬಂದಿಳಿದವು. ಸೆಲ್ವಿಯಮ್ಮ ಬಿಟ್ಟ ಜಾಗದಲ್ಲಿ ನನ್ನ ಫೋನು ನನ್ನನ್ನು ಕೇಳದೆ ಹೋಗಿ ಕೂತಿತ್ತು. ಕಟ್ಟೆಗೆ ಕಟ್ಟೆಯೇ ನನ್ನ ಜೇಬನ್ನು ನೋಡಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ವೈಫೈ ಆರಿಸಲು ಹೋಗಿ ಗಾಬರಿಯಲ್ಲಿ ಟಾರ್ಚ್ ಹೊತ್ತಿಸಿದೆ. ಸೆಲ್ವಿಯಮ್ಮನೇ ನನ್ನ ಕೈಯಿಂದ ಫೋನು ಕಿತ್ತುಕೊಂಡು ಆರಿಸಿದಳು. ಐದೂ ಇಪ್ಪತ್ತಾರು. ಗಿರಿಜಾಳ ಪರದೆಯಲ್ಲಿ ಚಕ್ರ ಸುತ್ತತೊಡಗಿತು. ಇಪ್ಪತ್ತೊಂಬತ್ತಕ್ಕೆ 'ಅರ್ಜಿ ಸ್ವೀಕೃತವಾಗಿದೆ' ಎಂದು ಬಂತು. ಗಿರಿಜಾ ಕಟ್ಟೆಯ ಮೇಲೆ ಕುಸಿದು ಕೂತು ಅತ್ತೇಬಿಟ್ಟಳು.

ಸೆಲ್ವಿಯಮ್ಮ ಮತ್ತೆ ಸೇಲಂಗೆ ಕರೆ ಮಾಡಿದಳು. ಮಗು ಆಟಕ್ಕೆ ಹೋಗಿತ್ತಂತೆ. "ಪರವಾಗಿಲ್ಲ ಸಾರ್, ನಾಳೆಯೂ ಇರ್ತಾಳೆ" ಎಂದಳು. ನನ್ನ ಮಾತನ್ನೇ ನನಗೆ ಹಿಂದಿರುಗಿಸಿದಳು, ಅದೂ ನಗುತ್ತಾ.

ಈಗ ರೇಗುವ ಮೊದಲು ಜೇಬು ಮುಟ್ಟಿ ನೋಡಿಕೊಳ್ಳುವುದು ಅಭ್ಯಾಸವಾಗಿದೆ. ಮೊನ್ನೆ ಶಿವಮೊಗ್ಗದ ಬಸ್ಸಿನಲ್ಲಿ ಮುದುಕಿಯೊಬ್ಬಳು ನಿಂತೇ ಇದ್ದಳು. ಯಾರೂ ಜಾಗ ಕೊಡುತ್ತಿಲ್ಲವಲ್ಲ ಎಂದು ಬಾಯಿ ತೆರೆದೆ, ಕೈ ಜೇಬಿಗೆ ಹೋಯಿತು. ಫೋನು ತೆಪ್ಪಗಿತ್ತು. ಆದರೂ ಯಾಕೋ ಅನುಮಾನ ಬಂದು ಪಕ್ಕದ ಸೀಟು ನೋಡಿದೆ. ಅಲ್ಲಿ ನನ್ನ ಕೈಚೀಲ ಕೂತಿತ್ತು.