ಗಾದೆಪ್ಪನ ಜೀಪು, ಹೊನ್ನೂರಮ್ಮನ ಗಡಿಗೆ

ಕುರುಗೋಡಿನ ಗಾದೆಪ್ಪನೆಂದರೆ ಎತ್ತಿನ ವಿಚಾರದಲ್ಲಿ ಕೊನೆಯ ಮಾತು. ಸುತ್ತಲಿನ ಊರವರು ಯಾರೇ ಎತ್ತು ಕೊಳ್ಳಲಿ, ಮೊದಲು ಅವನ ಬಾಗಿಲಿಗೆ ಬರಬೇಕು. ಹಲ್ಲು ನೋಡುವುದೇನು, ಸುಳಿ ಹುಡುಕುವುದೇನು, ಬೆನ್ನ ಮೇಲೆ ಕೈಯಾಡಿಸುವುದೇನು, ಅವನ ಠೀವಿ ನೋಡಬೇಕಿತ್ತು! ಆದರೆ ಅವನ ಸ್ವಂತ ಮನೆಯ ಎತ್ತನ್ನು ಪಾಸು ಮಾಡುತ್ತಿದ್ದವಳು ಹೆಂಡತಿ ಹೊನ್ನೂರಮ್ಮ.

ಅವಳ ಪರೀಕ್ಷೆ ಒಂದೇ. ಬೆಳಗಿನ ಬೆಚ್ಚನೆಯ ಹಾಲಿಗೆ ಹೆಪ್ಪು ಹಾಕಿ, ಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಹೊಸ ಎತ್ತು ಹೂಡಿದ ಗಾಡಿಯಲ್ಲಿ ಸಿರುಗುಪ್ಪದ ತವರಿಗೆ ಹೊರಡುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ತವರು ಮುಟ್ಟಿದಾಗ ಮೊಸರು ಗಟ್ಟಿಯಾಗಿ ಕೂತಿದ್ದರೆ ಎತ್ತು ಮನೆಗೆ. ಕದಡಿದ್ದರೆ ಮಾರಿದವನ ಕೊಟ್ಟಿಗೆಗೆ ವಾಪಸು. ಬಂಗಾರದಂಥ ಎತ್ತುಗಳೂ ಹೀಗೆ ಹಿಂದಕ್ಕೆ ಹೋದವು. ಗಾದೆಪ್ಪ ಮತ್ತೊಂದು ಎತ್ತು ಹುಡುಕಿಕೊಂಡು ಸಂತೆಗೆ ಹೊರಡುತ್ತಿದ್ದ.

ಮಹಾಯುದ್ಧ ಮುಗಿದ ಮರುವರ್ಷ ಬಳ್ಳಾರಿಗೆ ಹೋದ ಗಾದೆಪ್ಪ ಕಂಟೋನ್ಮೆಂಟಿನಲ್ಲಿ ಒಂದು ಜೀಪು ನೋಡಿ ಮರುಳಾದ. ಮಿಲಿಟರಿಯವರು ಹರಾಜು ಹಾಕಿದ್ದನ್ನು ಮೆಕ್ಯಾನಿಕ್ ಅಬ್ದುಲ್ ಸಮದ್ ಕೊಂಡು, ರಿಪೇರಿ ಮಾಡಿ, ಮಾರಾಟಕ್ಕಿಟ್ಟಿದ್ದ. ಗಾದೆಪ್ಪ ಅದರ ಸುತ್ತ ತಿರುಗಿದ, ಬಗ್ಗಿ ಹೊಟ್ಟೆ ನೋಡಿದ, ಬಾನೆಟ್ಟಿನ ಮೇಲೆ ಕೈಯಾಡಿಸಿದ.

"ಸುಳಿ ಹುಡುಕಾಕ ಹತ್ತೀರೇನು, ಗಾದೆಪ್ಪಣ್ಣ? ಹಲ್ಲು ನೋಡೋದಿದ್ರ ಬಾನೆಟ್ ಎತ್ತತೀನಿ," ಎಂದು ಸಮದ್ ನಕ್ಕ.

"ನಗಬ್ಯಾಡ್ರಿ ಸಾಬ್ರ. ನನಗೇನೋ ಒಪ್ಪಿಗಿ ಐತಿ. ನಮ್ಮನಿಯಾಕಿ ಗಡಿಗ್ಯಾಗ ಮೊಸರು ಕೂಡಲಿಲ್ಲಂದ್ರ ಮುಗೀತು!"

ಮರುದಿನ ಬೆಳಿಗ್ಗೆ ಸಮದ್ ಜೀಪನ್ನು ಕುರುಗೋಡಿಗೆ ತಂದ. ಹೊನ್ನೂರಮ್ಮ ಹಾಲಿಗೆ ಹೆಪ್ಪು ಹಾಕಿ, ಗಡಿಗೆಗೆ ಬಟ್ಟೆ ಸುತ್ತಿ, ದೇವರನ್ನು ನೆನೆದು ಹಿಂದಿನ ಸೀಟಿನಲ್ಲಿ ಕೂತಳು. ಗಾದೆಪ್ಪ ಮುಂದೆ ಸಮದನ ಪಕ್ಕ ಹತ್ತಿದ. ಊರು ದಾಟಿದ್ದೇ ತಡ, ಸೆರಗು ಪಟಪಟ ಹಾರತೊಡಗಿತು. "ಅಯ್ಯಯ್ಯೋ ಯವ್ವಾ!" ಎಂದು ಕೂಗಿದಳು. ಅದು ಹೆದರಿಕೆಯ ಕೂಗೋ ಖುಷಿಯದೋ ಗಾದೆಪ್ಪನಿಗೆ ತಿಳಿಯಲಿಲ್ಲ.

ಬಯಲು ರಸ್ತೆ ಸಿಕ್ಕಿದ ಮೇಲೆ ಅವನು ಹಟ ಹಿಡಿದ. "ಇನ್ನ ಹಗ್ಗ ನನ್ನ ಕೈಯಾಗ ಕೊಡ್ರಿ ಸಾಬ್ರ. ನಾನು ಹೊಡೀಲಾರದ ಇದರ ಗುಣ ಹ್ಯಾಂಗ ತಿಳೀತೈತಿ?"

ಸಮದ್ ಅಲ್ಲಾನನ್ನು ನೆನೆದು, ಕಾಲಿನ ಕೆಲಸ ಹೇಳಿಕೊಟ್ಟು, ಪಕ್ಕಕ್ಕೆ ಸರಿದು ಕೂತ. ಆಹಾ, ಏನು ಓಟ! ಗಾದೆಪ್ಪನ ರುಮಾಲು ಬಿಚ್ಚಿಕೊಂಡು ಹಾರಿತು, ಅವನಿಗೆ ಅದರ ಖಬರೇ ಇಲ್ಲ. ಅಷ್ಟರಲ್ಲಿ ಎದುರಿಗೆ ಹಳ್ಳ ಬಂತು. ಬ್ರೇಕು ತುಳಿಯಬೇಕಾದ ಮನುಷ್ಯ ಸ್ಟಿಯರಿಂಗನ್ನು ಎದೆಗೆ ಎಳೆದುಕೊಂಡು, "ಹೋ... ಹೋ... ನಿಂದ್ರಲೇ ಮಗನ!" ಎಂದು ಅರಚಿದ. ಜೀಪಿಗೆ ಎಲ್ಲಿಯ ಕಿವಿ? ದಡಬಡ ಹಳ್ಳಕ್ಕಿಳಿದು, ನೀರೆರಚಿ, ಆಚೆ ದಡ ಹತ್ತಿ ಓಡಿತು.

"ಕಾಲು! ಕಾಲು ಒತ್ತೋ ಪುಣ್ಯಾತ್ಮ!" ಎಂದು ಸಮದ್ ಬೊಬ್ಬೆ ಹೊಡೆದ. ಜೀಪು ನಿಂತಾಗ ಗಡಿಗೆಯ ಅರ್ಧ ಹಾಲು ಸಮದನ ನೆತ್ತಿಯಿಂದ ಗಡ್ಡಕ್ಕೆ ಇಳಿಯುತ್ತಿತ್ತು. ಗಾದೆಪ್ಪ ಸ್ಟಿಯರಿಂಗ್ ಬಿಟ್ಟುಕೊಟ್ಟು ಸಿರುಗುಪ್ಪದವರೆಗೂ ಜೋಲು ಮುಖ ಹಾಕಿಕೊಂಡು ಕೂತ.

ತವರಿನಲ್ಲಿ ಹೊನ್ನೂರಮ್ಮನ ತಾಯಿ ಊರಮ್ಮ ಇನ್ನೂ ಅಂಗಳ ಗುಡಿಸುತ್ತಿದ್ದಳು. ಮಗಳನ್ನು ಕಂಡು ಪೊರಕೆ ಕೆಳಗೆ ಹಾಕಿದಳು. "ಏನಾತವ್ವಾ? ರಾತ್ರೆಲ್ಲ ಗಾಡಿ ಹೊಡಕೊಂಡು ಬಂದ್ರೇನು?"

"ಇಲ್ಲಬೇ, ಈಗಷ್ಟ ಮನಿ ಬಿಟ್ಟೀವಿ!"

ಗಾದೆಪ್ಪ ಗಡಿಗೆಯ ಬಟ್ಟೆ ಬಿಚ್ಚಿದ. ಒಳಗೆ ನೀರಿನಂಥ ಹಾಲು. "ಮೊಸರು ಕೂಡಿಲ್ಲ. ಸಾಬ್ರ, ನಿಮ್ಮ ಜೀಪು ನೀವು ಒಯ್ಯರಿ," ಎಂದು ಗಡಿಗೆಯನ್ನು ಹೆಂಡತಿಯ ಮುಂದಿಟ್ಟ.

ಹೊನ್ನೂರಮ್ಮ ಹಾಲಿನಲ್ಲಿ ಬೆರಳದ್ದಿದಳು. ಬಿದ್ದು ಬಿದ್ದು ನಗತೊಡಗಿದಳು. "ಇನ್ನೂ ಬೆಚ್ಚಗೈತಲ್ರೀ! ಮೊಸರಾಗಾಕ ಇದು ಹೊತ್ತು ಎಲ್ಲಿ ಕೊಟ್ಟೈತಿ? ಇರಲಿ ಬಿಡ್ರಿ, ಇದು ನಮ್ಮನಿಗೇ ಇರಲಿ."

"ಅಲ್ಲ, ನಿನ್ನ ಪರೀಕ್ಷಾ?"

ಅವಳು ತಾಯಿಯ ಕೈ ಹಿಡಿದುಕೊಂಡಳು. "ಆ ಎತ್ತುಗಳದೇನೂ ತಪ್ಪಿರಲಿಲ್ರೀ. ಹಾದ್ಯಾಗ ನಾನ ಬೆರಳಾಡಿಸಿ ಕದಡತಿದ್ದೆ. ಎತ್ತು ವಾಪಸ್ ಹೋದ್ರ ಇನ್ನೊಂದು ಎತ್ತು ಬರತಿತ್ತು, ಇನ್ನೊಮ್ಮೆ ಅವ್ವನ ಮುಖ ನೋಡತಿದ್ದೆ. ಇನ್ನ ಆ ಕೆಲಸ ಇಲ್ಲ."

ಊರಿಗೆಲ್ಲ ಎತ್ತಿನ ಗುಣ ಹೇಳುತ್ತಿದ್ದ ಗಾದೆಪ್ಪ ಹಣೆ ಹಣೆ ಬಡಿದುಕೊಂಡ. ಆಮೇಲೆ ಸಮದನ ಹೆಗಲು ಬಡಿದು ನಕ್ಕ. "ಅತ್ತೀ, ನೀವೂ ಹತ್ತರಿ. ಕುರುಗೋಡಾಗ ಊಟ ಮಾಡಿದ್ರ ಸಂಜೀಕ ತಂದು ಬಿಡ್ತೀನಿ!"

"ಹತ್ತಬೇ," ಎಂದಳು ಹೊನ್ನೂರಮ್ಮ, "ಆದ್ರ ಹಗ್ಗ ಮಾತ್ರ ಸಾಬ್ರ ಕೈಯಾಗ ಇರಲಿ."