ಮಡಿ ಮಾಲು

ಸೋಮವಾರ ಬೆಳಿಗ್ಗೆ ಪಟ್ಟಾಭಿರಾಮ ಗೋದಾಮಿನ ಕೋಲ್ಡ್ ರೂಮಿನ ಬಾಗಿಲು ತೆಗೆದು, ಎಂದಿನಂತೆ ಮೊದಲು ಗೋಡೆಯ ಮೇಲಿನ ಉಷ್ಣಾಂಶ ನೋಡಿದರು. ಐದು ಡಿಗ್ರಿ. ಸರಿಯಾಗಿತ್ತು. ಆಮೇಲೆ ಎಡಗಡೆಯ ಮೂಲೆಗೆ ಕಣ್ಣು ಹಾಯಿಸಿದರು. ಅಲ್ಲಿ ಅಡ್ಡ ಕಟ್ಟಿದ್ದ ಹಳದಿ ಹಗ್ಗವನ್ನು ಯಾರೋ ಬಿಚ್ಚಿ, ಅಚ್ಚುಕಟ್ಟಾಗಿ ಸುತ್ತಿ ಮೊಳೆಗೆ ನೇತುಹಾಕಿದ್ದರು. ಹಗ್ಗದ ಹಿಂದೆ ಇದ್ದ ಪೆಟ್ಟಿಗೆ ಇರಲಿಲ್ಲ. ಅದಿದ್ದ ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಲಾಗಿತ್ತು.

"ದೇವರಾಜೂ, ಮೂಲೆಯ ಪೆಟ್ಟಿಗೆ ಎಲ್ಲಿ?"

ಹೊರಗೆ ರಟ್ಟಿನ ಡಬ್ಬಗಳಿಗೆ ಟೇಪು ಸುತ್ತುತ್ತಿದ್ದ ದೇವರಾಜು ತಲೆ ಎತ್ತಿದರು. "ಶುಕ್ರವಾರವೇ ಓಯ್ತಲ್ಲ ಸಾ. ನೀವೇ ಏಳಿದ್ರಲ್ಲ."

"ನಾನು ಏನು ಹೇಳಿದೆ?"

"ಮಡಿ ಅಂದ್ರಿ ಸಾ."

ಪಟ್ಟಾಭಿರಾಮ ಕೋಲ್ಡ್ ರೂಮಿನ ಬಾಗಿಲು ಮುಚ್ಚುವುದನ್ನು ಮರೆತರು. ಆ ಕೆಲಸಕ್ಕೆ ಸೇರಿದ ಮೇಲೆ ಅವರು ಅದನ್ನು ಮರೆತದ್ದು ಅದೇ ಮೊದಲು ಎಂದು ಅಲ್ಲಿನ ಹಳೆಯ ಹಮಾಲಿ ಚೆನ್ನಯ್ಯ ಆಮೇಲೆ ನೆನಪಿಸಿಕೊಂಡರು.

ಹಾಸನದ ಹೊರವಲಯದಲ್ಲಿರುವ ಆ ಗೋದಾಮು ಒಂದು ಔಷಧ ಕಂಪನಿಗೆ ಸೇರಿದ್ದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಔಷಧದಂಗಡಿಗಳಿಗೆ ಕಂಪನಿಯ ಮಾಲು ಹೋಗುವುದು ಅಲ್ಲಿಂದಲೇ. ಯಾವ ಊರಿಗೆ ಯಾವ ಔಷಧ ಎಷ್ಟು ಬೇಕಾದೀತು, ಯಾವುದು ಯಾವ ವಾಹನದಲ್ಲಿ ಹೋಗಬೇಕು, ದಾರಿಯಲ್ಲಿ ಕೆಡದ ಹಾಗೆ ನೋಡಿಕೊಳ್ಳುವವರು ಯಾರು, ಇದೆಲ್ಲ ಪಟ್ಟಾಭಿರಾಮರ ಹೊಣೆ. ಐವತ್ತು ದಾಟಿದ ಮನುಷ್ಯ. ಹೊಳೆನರಸೀಪುರದ ಅರ್ಚಕರ ಮನೆತನ. ಅಣ್ಣ ದೇವಸ್ಥಾನದಲ್ಲಿ ಉಳಿದರು, ತಮ್ಮ ಬಿ.ಎಸ್ಸಿ. ಮುಗಿಸಿ ಔಷಧದ ಚೀಲ ಹಿಡಿದು ಡಾಕ್ಟರುಗಳ ಬಾಗಿಲು ತಿರುಗಿದರು, ಕೊನೆಗೆ ಗೋದಾಮಿನ ಮ್ಯಾನೇಜರ್ ಆದರು. ದಿನವೂ ಹೊಳೆನರಸೀಪುರದಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದರು.

ಅವರ ಕಟ್ಟುನಿಟ್ಟು ಅಂಗಡಿಯವರಿಗೆಲ್ಲ ಗೊತ್ತಿತ್ತು. ಅರಕಲಗೂಡಿನ ಒಂದು ಔಷಧದಂಗಡಿಯ ಫ್ರಿಜ್ಜಿನಲ್ಲಿ ಇನ್ಸುಲಿನ್ ಪಕ್ಕ ದೋಸೆ ಹಿಟ್ಟಿನ ಪಾತ್ರೆ ಕಂಡು, ಆ ಅಂಗಡಿಗೆ ತಣ್ಣನೆಯ ಮಾಲು ಕೊಡುವುದನ್ನೇ ನಿಲ್ಲಿಸಿದ್ದರು. "ಏನ್ ಸ್ವಾಮಿ, ನಿಮ್ಮ ಔಸ್ದಿಗೆ ದ್ವಾಸೆ ಇಟ್ಟು ಮೈಲ್ಗೆನಾ?" ಎಂದು ಅಂಗಡಿಯವರು ಕೆಣಕಿದ್ದರು. "ದೋಸೆಗಲ್ಲ, ನೀವು ಗಳಿಗೆಗೊಂದು ಸಲ ಬಾಗಿಲು ತೆಗೀತೀರಲ್ಲ, ಅದಕ್ಕೆ" ಎಂದು ಇವರು ನಗದೆ ಉತ್ತರ ಕೊಟ್ಟಿದ್ದರು.

ಆ ಶುಕ್ರವಾರಕ್ಕೆ ಹತ್ತು ದಿನ ಮೊದಲು ಕೋಲ್ಡ್ ರೂಮಿನ ಯಂತ್ರ ಕೆಟ್ಟಿತ್ತು. ಕರೆಂಟು ಹೋಗಿ ಬಂದ ಮೇಲೆ ಅದು ಐದು ಡಿಗ್ರಿಯಲ್ಲಿ ನಿಲ್ಲದೆ ಸೊನ್ನೆಯಿಂದಲೂ ಕೆಳಗಿಳಿಯಿತು. ಗಾಳಿ ನೇರವಾಗಿ ಬೀಸುವ ಕಡೆ ಇದ್ದ ಇನ್ಸುಲಿನ್ ಪೆಟ್ಟಿಗೆಯೊಂದು ಹೆಪ್ಪುಗಟ್ಟಿತು. ಬಿಸಿಗೆ ಇನ್ಸುಲಿನ್ ಕೆಡುತ್ತದೆಂದು ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿದರೂ ಕೆಡುತ್ತದೆಂಬುದು ಅಷ್ಟಾಗಿ ಗೊತ್ತಿಲ್ಲ. ಕರಗಿದ ಮೇಲೆ ಸೀಸೆಯಲ್ಲಿ ಮೊದಲಿನ ಹಾಗೆಯೇ ತಿಳಿಯಾಗಿ ಕಾಣುತ್ತದೆ, ಮೈಯಲ್ಲಿ ಮಾತ್ರ ಕೆಲಸ ಮಾಡುವುದಿಲ್ಲ. ಪಟ್ಟಾಭಿರಾಮ ಆ ಪೆಟ್ಟಿಗೆಯನ್ನು ಮೂಲೆಗೆ ಸರಿಸಿ, ಹಗ್ಗ ಕಟ್ಟಿ, ಕಂಪ್ಯೂಟರಿನಲ್ಲಿ ತಡೆ ಹಾಕಿ, ನಾಶ ಮಾಡಲು ಬೆಂಗಳೂರಿನ ಮುಖ್ಯ ಕಚೇರಿಯ ಅಪ್ಪಣೆ ಕೇಳಿದರು. ಇಂಥ ಮಾಲಿಗೆ ಬೀಗ ಹಾಕುವ ಕಬ್ಬಿಣದ ಪಂಜರ ಇರಬೇಕೆಂಬುದು ಕಂಪನಿಯದೇ ನಿಯಮ. ಪಂಜರ ಕೊಡಿ ಎಂದು ಅವರು ಹಿಂದಿನ ವರ್ಷವೇ ಕೇಳಿದ್ದರು. ಅದು ಬಂದಿರಲಿಲ್ಲ.

ಪಂಜರದ ಬದಲಿಗೆ ಅಲ್ಲಿದ್ದದ್ದು ಒಂದು ಪದ.

ಅವರು ಈ ಗೋದಾಮಿಗೆ ಬಂದ ಹೊಸದರಲ್ಲಿ ಹಮಾಲಿಗಳು ವಾಪಸು ಬಂದ ಮಾಲನ್ನೂ ಒಳ್ಳೆಯ ಮಾಲನ್ನೂ ಬೆರೆಸಿಬಿಡುತ್ತಿದ್ದರು. ಆಗ ಪಟ್ಟಾಭಿರಾಮ ಮೂಲೆ ತೋರಿಸಿ, "ನಮ್ಮಮ್ಮ ಮಡಿ ಉಟ್ಟು ನಿಂತಿದ್ದಾಳೆ ಅಂದುಕೊಳ್ಳಿ. ಮುಟ್ಟೋ ಹಾಗಿಲ್ಲ, ಹತ್ತಿರ ಸುಳಿಯೋ ಹಾಗಿಲ್ಲ" ಎಂದಿದ್ದರು. ಮಾತು ಎಲ್ಲರಿಗೂ ಹಿಡಿಸಿತು. "ಲೇ, ಅತ್ಲಾಗ್ ಓಗ್ಬೇಡ ಕಣ್ಲಾ, ಅಯ್ನೋರ ಅವ್ವ ಬೈತದೆ!" ಎಂದು ಚೆನ್ನಯ್ಯ ಹುಡುಗರನ್ನು ಗದರುತ್ತಿದ್ದರು. ಗೋಡೆಗೆ ಒಂದು ಹಲಗೆ ಬಂತು. ಅದರ ಮೇಲೆ ಸೀಮೆಸುಣ್ಣದಲ್ಲಿ 'ಮಡಿ' ಎಂದು ಬರೆದರು. ವರ್ಷಗಟ್ಟಲೆ ಅದು ಪಂಜರಕ್ಕಿಂತ ಚೆನ್ನಾಗಿ ಕೆಲಸ ಮಾಡಿತು.

ದೇವರಾಜು ಸೇರಿದ್ದು ಈಚೆಗೆ. ಹಿರೀಸಾವೆ ಕಡೆಯ ಒಕ್ಕಲು ಮನೆಯವರು, ನಲವತ್ತರ ಆಸುಪಾಸು. ಮೊದಲು ಶಾಂತಿಗ್ರಾಮದ ಬಳಿ ಒಂದು ಹಾಲು ಶೇಖರಣೆ ಕೇಂದ್ರದಲ್ಲಿ ಇದ್ದರು. ತಣ್ಣನೆಯ ಸರಕಿನ ಅನುಭವ ಇದೆಯೆಂದೇ ಅವರನ್ನು ತೆಗೆದುಕೊಂಡದ್ದು. ಹಾಲಿನ ಕೇಂದ್ರದಲ್ಲಿ ಬಿಸಿನೀರು ಹಾಕಿ ತೊಳೆದು, ಬೋರಲು ಹಾಕಿ ಒಣಗಿಸಿದ ಕ್ಯಾನಿಗೆ 'ಮಡಿ ಕ್ಯಾನು' ಎನ್ನುತ್ತಿದ್ದರು. ಹಾಲು ಹುಯ್ಯಲು ಸಿದ್ಧವಾದದ್ದು ಎಂದು ಅರ್ಥ. ಅವರ ಮನೆಯಲ್ಲೂ ಮಡಿ ಬಟ್ಟೆಯೆಂದರೆ ಒಗೆದ ಬಟ್ಟೆ, ಉಡಬಹುದಾದ ಬಟ್ಟೆ. ದೇವರಾಜು ಬಂದಂದಿನಿಂದ ಆ ಮೂಲೆ ಖಾಲಿಯಿತ್ತು. ಇನ್ಸುಲಿನ್ ಪೆಟ್ಟಿಗೆಯನ್ನು ಅಲ್ಲಿಗೆ ಸರಿಸಿದ ದಿನ ಅವರು ವ್ಯಾನಿನ ಜೊತೆ ಅರಕಲಗೂಡಿಗೆ ಹೋಗಿದ್ದರು.

ಶುಕ್ರವಾರ ಪಟ್ಟಾಭಿರಾಮರ ತಂದೆಯ ಶ್ರಾದ್ಧ. ಅವರು ರಜೆ ಹಾಕಿ ಊರಿನಲ್ಲಿದ್ದರು. ಚೆನ್ನಯ್ಯನಿಗೂ ಆ ದಿನ ಮೈ ಸರಿಯಿರಲಿಲ್ಲ, ಕೆಲಸಕ್ಕೆ ಬಂದಿರಲಿಲ್ಲ. ಬೆಳಗಿನಿಂದ ಗೋದಾಮಿನಲ್ಲಿ ನೆಟ್‌ವರ್ಕ್ ಇರಲಿಲ್ಲ, ಬಿಲ್ಲುಗಳನ್ನು ಕೈಯಲ್ಲಿ ಬರೆಯುತ್ತಿದ್ದರು. ಹಾಗಾಗಿ ಕಂಪ್ಯೂಟರಿನ ತಡೆ ಯಾರ ಕಣ್ಣಿಗೂ ಬೀಳಲಿಲ್ಲ. ಅಂಗಡಿಗಳಿಂದ ಇನ್ಸುಲಿನ್ ಕೇಳಿ ಫೋನಿನ ಮೇಲೆ ಫೋನು ಬಂತು. ಮರುದಿನ ಎರಡನೇ ಶನಿವಾರ, ಅದರ ಮರುದಿನ ಭಾನುವಾರ. ಒಳ್ಳೆಯ ಪೆಟ್ಟಿಗೆಗಳು ಮುಗಿದಿದ್ದವು. ದೇವರಾಜು ತಾವಾಗಿ ಏನೂ ಮಾಡಲಿಲ್ಲ, ಮ್ಯಾನೇಜರ್‌ಗೆ ಫೋನು ಮಾಡಿದರು.

ಹೊಳೆನರಸೀಪುರದ ಮನೆಯಲ್ಲಿ ಆಗ ಪಿಂಡಪ್ರದಾನ ನಡೆಯುತ್ತಿತ್ತು. ಫೋನು ಎತ್ತಿದ್ದು ಮಗಳು ಆರತಿ. ತಂದೆ ಒದ್ದೆ ಪಂಚೆಯಲ್ಲಿ ದರ್ಭೆ ಹಿಡಿದು ಕೂತಿದ್ದರು, ಫೋನು ಮುಟ್ಟುವ ಹಾಗಿರಲಿಲ್ಲ. ಅವಳು ಸ್ಪೀಕರ್ ಹಾಕಿ ನಡುಮನೆಯ ಹೊಸ್ತಿಲ ಹೊರಗೆ ನಿಂತಳು.

"ಸಾ, ಪಟ್ಣದೋರು, ಬಾಗೂರೋರು ಇನ್ಸುಲಿನ್ ಇಲ್ಲಾಂತ ಬಡ್ಕೋತಾವ್ರೆ. ಮೂಲೇಲಿ ಅಗ್ಗ ಕಟ್ಟಿರೋ ಬಾಕ್ಸ್ ಐತಲ್ಲ, ಅದ್ನ ಕಳ್ಸಲಾ?"

"ಅದು ಮಡಿ ಕಣೋ!" ಪಟ್ಟಾಭಿರಾಮ ಕೂತಲ್ಲಿಂದಲೇ ಕೂಗಿದರು. ಪುರೋಹಿತರು ಮಂತ್ರ ನಿಲ್ಲಿಸಿ ಕಾಯುತ್ತಿದ್ದರು. "ಮಡಿ, ಮಡಿ!"

"ಆಯ್ತು ಸಾ. ಅಂಗೇ ಮಾಡ್ತೀನಿ."

ಆರತಿ ಫೋನು ಇಟ್ಟಳು. ಅವಳಿಗೂ ಬೇರೆ ಅರ್ಥ ಹೊಳೆಯಲಿಲ್ಲ. ಆ ಮನೆಯಲ್ಲಿ ಆ ಪದವನ್ನು ಹಾಗೆ ಕೂಗಿದರೆ ಬಂದವರು ಹಿಂದೆ ಸರಿಯುತ್ತಾರೆ.

ಸೋಮವಾರ ಬೆಳಿಗ್ಗೆ ಪಟ್ಟಾಭಿರಾಮ ಮೊದಲು ಮುಖ್ಯ ಕಚೇರಿಗೆ ಫೋನು ಮಾಡಿದರು. ಲಿಖಿತವಾಗಿ ತಿಳಿಸಿ, ಮಾಲು ವಾಪಸು ಪಡೆಯುವ ಆದೇಶ ಮಧ್ಯಾಹ್ನದ ಮೀಟಿಂಗ್ ಮುಗಿದ ಮೇಲೆ ಬರುತ್ತದೆ ಎಂದರು ಅಲ್ಲಿನವರು. ಪಟ್ಟಾಭಿರಾಮ ಆದೇಶಕ್ಕೆ ಕಾಯಲಿಲ್ಲ. ಕೈಬರಹದ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಅಂಗಡಿಗಳಿಗೆ ತಾವೇ ಫೋನು ಹಚ್ಚಿದರು. ಅರಕಲಗೂಡಿನ ಬೇರೊಂದು ಅಂಗಡಿಯಲ್ಲಿ ಸೀಸೆಗಳು ಇನ್ನೂ ಫ್ರಿಜ್ಜಿನಲ್ಲೇ ಇದ್ದವು. ಚನ್ನರಾಯಪಟ್ಟಣದ ಅಂಗಡಿಯವರು ಕೊಂಡವರನ್ನು ಹುಡುಕಿ ವಾಪಸು ತರಿಸಿದರು. ಅವರೆಲ್ಲ ವಯಸ್ಸಾದವರು, ಸಕ್ಕರೆ ಏರಿತ್ತು, ಬೇರೇನೂ ಆಗಿರಲಿಲ್ಲ. ಬಾಗೂರಿನ ಅಂಗಡಿಯ ಫೋನು ಮಾತ್ರ ಸ್ವಿಚ್ ಆಫ್ ಬರುತ್ತಿತ್ತು.

"ಓಗ್ಬುಡೋಣ ನಡೀರಿ ಸಾ," ಎಂದರು ದೇವರಾಜು. ವ್ಯಾನಿನ ಕೀಲಿ ಆಗಲೇ ಅವರ ಕೈಯಲ್ಲಿತ್ತು.

ದಾರಿಯಲ್ಲಿ ಶಾಂತಿಗ್ರಾಮ ದಾಟಿದ ಮೇಲೆ ದೇವರಾಜು ಕೇಳಿದರು: "ಬ್ಯಾಡ ಅಂತ ಒಂದ್ ಮಾತ್ ಅಂದಿದ್ರೆ ಆಗಿರಾದಲ್ವಾ ಸಾ?"

"ಹೌದು," ಎಂದರು ಪಟ್ಟಾಭಿರಾಮ.

ಬಾಗೂರಿನ ಔಷಧದಂಗಡಿಯ ಚಂದ್ರಶೇಖರಯ್ಯ ಆಗಷ್ಟೇ ಬಾಗಿಲು ತೆಗೆಯುತ್ತಿದ್ದರು. ತೆಗೆದುಕೊಂಡ ಸೀಸೆಗಳಲ್ಲಿ ಒಂದು ಬಿಟ್ಟು ಉಳಿದೆಲ್ಲ ಫ್ರಿಜ್ಜಿನಲ್ಲಿದ್ದವು. ಆ ಒಂದನ್ನು ಶುಕ್ರವಾರ ಸಂಜೆ ಸುಬ್ಬಮ್ಮ ಒಯ್ದಿದ್ದರು, ಮೊಮ್ಮಗಳು ದೀಪಶ್ರೀಗೆ. ಹುಡುಗಿ ಆರನೇ ತರಗತಿ. ಚಿಕ್ಕಂದಿನಿಂದಲೇ ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್ ಇಲ್ಲದೆ ಬದುಕುವ ಹಾಗಿಲ್ಲ.

ಸುಬ್ಬಮ್ಮನ ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯ ಗುರುಸಿದ್ದಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. "ನಿನ್ನೆಯಿಂದ ಮಗೀಗೆ ಒಂದೇ ಸಮ ವಾಂತಿ ಕಣಪ್ಪ. ಒಟ್ಟೆ ಕೆಟ್ಟದೆ ಅಂತ ಜೀರ್ಗೆ ಕಸಾಯ ಕೊಟ್ಟೋ. ಬೆಳಿಗ್ಗೆ ಉಸ್ರು ಜೋರಾಗ್ಬುಡ್ತು, ಆಟೋದಲ್ಲಿ ಪಟ್ಣಕ್ಕೆ ಎತ್ಕಂಡೋದ್ರು." ಅಷ್ಟು ಹೇಳಿ ಬಂದ ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದರು. "ನೀವ್ಯಾರು?"

ಚನ್ನರಾಯಪಟ್ಟಣದ ಆಸ್ಪತ್ರೆಯವರು ಹುಡುಗಿಯನ್ನು ಆಗಲೇ ಆಂಬುಲೆನ್ಸಿನಲ್ಲಿ ಹಾಸನಕ್ಕೆ ಕಳಿಸಿದ್ದರು. ಇಬ್ಬರೂ ಬಂದ ದಾರಿಯಲ್ಲೇ ಹಿಂತಿರುಗಿದರು.

ಹಾಸನದ ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸೆಯ ವಾರ್ಡಿನ ಹೊರಗೆ ಸುಬ್ಬಮ್ಮ ನೆಲದ ಮೇಲೆ ಕೂತಿದ್ದರು. ಪಟ್ಟಾಭಿರಾಮ ಮೊದಲು ಒಳಗೆ ಹೋಗಿ ಡಾಕ್ಟರಿಗೆ ವಿಷಯ ತಿಳಿಸಿದರು. ಅವರು ಆಗಲೇ ಬೇರೆ ಇನ್ಸುಲಿನ್ ಹನಿ ಹಚ್ಚಿದ್ದರು. "ತಡವಾಗಿ ಬಂದಿದ್ದಾರೆ" ಎಂದಷ್ಟೇ ಹೇಳಿದರು. ಪಟ್ಟಾಭಿರಾಮ ಹೊರಗೆ ಬಂದು ಸುಬ್ಬಮ್ಮನ ಎದುರು ಕುಕ್ಕರಗಾಲಿನಲ್ಲಿ ಕೂತರು.

"ನೀವು ಡಾಕ್ಟ್ರಾ ಸಾ?"

"ಅಲ್ಲಮ್ಮ. ಔಷಧಿ ಕಂಪನಿಯವರು. ನೀವು ಶುಕ್ರವಾರ ತಗೊಂಡ ಸೀಸೆ ಎಲ್ಲಿದೆ?"

ಸುಬ್ಬಮ್ಮ ಸೊಂಟದ ಚೀಲದಿಂದ ಒದ್ದೆ ಬಟ್ಟೆಯ ಗಂಟೊಂದನ್ನು ತೆಗೆದರು. ಸೀಸೆ ಅದರೊಳಗಿತ್ತು. "ಒಂದೊತ್ತೂ ತಪ್ಸಿಲ್ಲ ಸಾ. ಮರಳಲ್ಲಿ ಮಡ್ಕೆ ಊತು, ಅದ್ರಾಗಿಟ್ಟು ತಣ್ಣಗ್ ಕಾಪಾಡಿವ್ನಿ. ತಲೆ ಮ್ಯಾಲೆ ನೀರ್ ಉಯ್ಕಂಡು ಮಡಿಯಾಗೇ ಸೂಜಿ ಕೊಡೋದು ನಾನು. ಇವಳವ್ವ ತೀರ್ಕೊಂಡಾಗಿಂದ ನಾನೇ."

ಹಿಂದೆ ನಿಂತಿದ್ದ ದೇವರಾಜು ಅಲ್ಲಿಂದ ಮೆಟ್ಟಿಲ ಕಡೆಗೆ ನಡೆದುಹೋದರು.

"ಅದನ್ನ ಕೊಡಿ ಅಮ್ಮ."

"ಸಂಜೆ ಸೂಜಿಗೆ ಬ್ಯಾಡ್ವಾ?"

"ಅದು ಕೆಟ್ಟಿದೆ. ಕಳಿಸಿದಾಗಲೇ ಕೆಟ್ಟಿತ್ತು. ತಪ್ಪು ನಮ್ಮದು."

ಸುಬ್ಬಮ್ಮ ಸೀಸೆಯನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಬೆಳಕಿಗೆ ಎತ್ತಿ ನೋಡಿದರು. "ಕೆಟ್ಟಿದ್ರೆ ಗೊತ್ತಾಗ್ಬೇಕಲ್ಲ ಸಾ," ಎಂದರು. ಸೀಸೆ ಕೊಡಲಿಲ್ಲ. ಮತ್ತೆ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಪೊಲೀಸರು ಅದನ್ನು ಅವರಿಂದ ತೆಗೆದುಕೊಂಡದ್ದು ಬುಧವಾರ, ದೀಪಶ್ರೀ ತೀರಿಕೊಂಡ ಮೇಲೆ.

ವಿಚಾರಣೆಗೆ ಮುಖ್ಯ ಕಚೇರಿಯಿಂದ ಬಂದ ಅಧಿಕಾರಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ. ಮೂಲೆಯ ಹಲಗೆಯ ಫೋಟೊ ತೆಗೆದುಕೊಂಡರು, ಅದರ ಮೇಲೆ ಬರೆದದ್ದಕ್ಕೆ ಅರ್ಥ ಕೇಳಿದರು. ಮುಟ್ಟಬಾರದ್ದು ಎಂದೋ ಶುದ್ಧವಾದದ್ದು ಎಂದೋ? ಎರಡೂ ಹೌದು ಎಂದರು ಪಟ್ಟಾಭಿರಾಮ. ಎರಡರಲ್ಲಿ ಒಂದನ್ನು ಬರೆಯಿರಿ ಎಂದರು ಅಧಿಕಾರಿ. 'ಮುಟ್ಟಬೇಡ ಎಂದು ಫೋನಿನಲ್ಲಿ ಹೇಳಿದ್ದೆ' ಎಂದು ಬರೆದುಕೊಟ್ಟರೆ ಮ್ಯಾನೇಜರ್ ಕಡೆಯಿಂದ ತಪ್ಪಿಲ್ಲವೆಂದಾಗುತ್ತದೆ, ಉಳಿದದ್ದನ್ನು ಕಂಪನಿ ನೋಡಿಕೊಳ್ಳುತ್ತದೆ ಎಂದು ಮೆಲ್ಲನೆ ವಿವರಿಸಿದರು. ದೇವರಾಜು ಆಗ ಬಾಗಿಲ ಹೊರಗಿನ ಬೆಂಚಿನ ಮೇಲೆ ತಮ್ಮ ಸರದಿಗೆ ಕಾಯುತ್ತಿದ್ದರು.

"ಹಾಗೆ ಹೇಳಿದ್ದರೆ ಅವರು ಮುಟ್ಟುತ್ತಿರಲಿಲ್ಲ," ಎಂದರು ಪಟ್ಟಾಭಿರಾಮ. ಫೋನಿನಲ್ಲಿ ಆಡಿದ್ದನ್ನು ಆಡಿದ ಹಾಗೆಯೇ ಬರೆದು ಸಹಿ ಹಾಕಿದರು. ಅಧಿಕಾರಿ ಅದನ್ನು ಎರಡು ಸಲ ಓದಿಸಿ ಕೇಳಿ, ಫೈಲಿಗೆ ಸೇರಿಸಿಕೊಂಡರು.

ಅದರಿಂದ ದೇವರಾಜುವಿಗೆ ಉಪಯೋಗವಾಗಲಿಲ್ಲ. ಲಿಖಿತ ಅಪ್ಪಣೆಯಿಲ್ಲದೆ ಮಾಲು ಕಳಿಸಿದ್ದಕ್ಕೆ ಅವರನ್ನು ಕೆಲಸದಿಂದ ತೆಗೆದರು. ಪಟ್ಟಾಭಿರಾಮರನ್ನು ಅಮಾನತಿನಲ್ಲಿಟ್ಟರು. ಗೋದಾಮಿನಲ್ಲಿ ಈಗ ಹೊಸ ಮ್ಯಾನೇಜರ್ ಇದ್ದಾರೆ. ಹಲಗೆಯನ್ನು ಚೆನ್ನಯ್ಯ ಒದ್ದೆ ಬಟ್ಟೆಯಲ್ಲಿ ಒರೆಸಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದಾರೆ. ಕಬ್ಬಿಣದ ಪಂಜರ ಬಂದಿದೆ, ಬೀಗದ ಸಮೇತ.

ಚನ್ನರಾಯಪಟ್ಟಣದ ನ್ಯಾಯಾಲಯದಲ್ಲಿ ಪ್ರಕರಣ ದಾಖಲಾಗಿದೆ. ಪಟ್ಟಾಭಿರಾಮ ಮೊದಲನೇ ಆರೋಪಿ, ದೇವರಾಜು ಎರಡನೆಯವರು, ಸುಬ್ಬಮ್ಮ ಸಾಕ್ಷಿ. ಮೊದಲ ವಿಚಾರಣೆ ಬರುವ ತಿಂಗಳ ಎರಡನೇ ವಾರ.